ಫಿಟ್ಸ್ ಬಂದವಳ ಹಾಲು

ನಾನು ನಿವೃತ್ತಳಾದ ದಿನ ವಾರ್ಡಿನಲ್ಲಿ ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ, ಮೈಕು ಹಿಡಿದವರೊಬ್ಬರು ‘ನಮ್ಮ ಸರೋಜಮ್ಮ ಸಿಸ್ಟರ್ ತಾಳ್ಮೆಯ ಮೂರ್ತಿ’ ಎಂದರು. ಮುಂದೆ ಕೂತಿದ್ದ ಆಯಾಗಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರಿಗೆ ನಿಜ ಗೊತ್ತಿತ್ತು. ಹರಿಹರದಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ದಾವಣಗೆರೆಯಲ್ಲಿ ಶಾಲು ಹೊದಿಸಿಕೊಳ್ಳುವವರೆಗೆ ನಾನು ಹೆರಿಗೆ ವಾರ್ಡಿನಲ್ಲಿ ಸಿಟ್ಟು ಮಾಡಿಕೊಂಡೇ ಬದುಕಿದವಳು. ಆ ಸಿಟ್ಟು ಪಿಂಚಣಿ ಬಂದ ಮೇಲೂ ಇಳಿದಿಲ್ಲ.

ಈಗ ನನ್ನ ಅಕ್ಕನ ಮೊಮ್ಮಗಳು ನರ್ಸಿಂಗ್ ಮುಗಿಸಿ ಹೆರಿಗೆ ವಾರ್ಡಿಗೇ ಸೇರಿದ್ದಾಳೆ. ಹೋಗುವ ಮುಂಚೆ ಬಂದು, ‘ಏನು ಓದಿಕೊಂಡು ಹೋಗಲಿ ಅಜ್ಜಿ?’ ಎಂದು ಕೇಳಿದಳು. ಓದುವುದನ್ನೆಲ್ಲ ಕಾಲೇಜಿನಲ್ಲಿ ಓದಿಸಿದ್ದಾರೆ. ನಾಡಿ ಹಿಡಿಯುವುದು, ಸೂಜಿ ಚುಚ್ಚುವುದು, ಮಗುವಿನ ಎದೆಬಡಿತ ಕೇಳುವುದು ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಕಾಲೇಜಿನಲ್ಲಿ ಹೇಳಿಕೊಡದ್ದು ಒಂದಿದೆ. ಅದನ್ನು ಕೂತು ಮಾತಲ್ಲಿ ಹೇಳಲು ಹೋದರೆ ನನ್ನ ದನಿ ಏರುತ್ತದೆ, ಮನೆಯವರು ‘ಬಿಡು, ಬಿ.ಪಿ. ಏರೀತು’ ಎನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹರಿಹರದ ಆಸ್ಪತ್ರೆಯಲ್ಲಿ ನಾನು ಹೊಸಬಳಾಗಿದ್ದಾಗ ನಮ್ಮ ಮೇಲೆ ಒಬ್ಬ ದೊಡ್ಡ ಸಿಸ್ಟರ್ ಇದ್ದರು. ಕೆಲಸದಲ್ಲಿ ಗಟ್ಟಿ. ತಲೆ ಹೊರಳದ ಎಷ್ಟೋ ಕೂಸುಗಳನ್ನು ಜೀವಂತ ಹೊರಗೆ ತಂದ ಕೈ ಅದು. ಬಾಯಿ ಮಾತ್ರ ಕೆಟ್ಟದ್ದು. ನೋವು ತಿನ್ನುತ್ತ ಕಿರುಚುವ ಹೆಣ್ಣುಮಕ್ಕಳ ತೊಡೆಗೆ ಫಟಾರನೆ ಬಾರಿಸಿ, ಗಂಡನ ಪಕ್ಕ ಮಲಗುವಾಗ ಹೀಗೇ ಕೂಗಿದೆಯಾ ಎಂದು ಎಲ್ಲರಿಗೂ ಕೇಳುವಂತೆ ಕೇಳುತ್ತಿದ್ದರು. ನಾವು ಹೊಸ ಹುಡುಗಿಯರು ನಗಬೇಕಿತ್ತು. ನಗದಿದ್ದರೆ ನಮಗೂ ಬೈಗುಳ.

ಒಮ್ಮೆ ಒಬ್ಬಳು ‘ಬಂತ್ರಿ, ಕೂಸು ಬಂತ್ರಿ’ ಎಂದು ಪಡಸಾಲೆಯ ಬೆಂಚಿನ ಮೇಲಿಂದ ಕೂಗಿದಳು. ‘ಇನ್ನೂ ಟೈಮ್ ಐತೆ, ಸುಮ್ನೆ ಕೂಡು’ ಎಂದು ದೊಡ್ಡ ಸಿಸ್ಟರ್ ಒಳಗಿನಿಂದಲೇ ಹೇಳಿದರು. ಎದ್ದು ಬಂದು ನೋಡಲಿಲ್ಲ. ಅವಳು ಆ ಬೆಂಚಿನ ಮೇಲೆಯೇ ಹೆತ್ತಳು. ಆಮೇಲೆ ನೆಲ ಹೊಲಸು ಮಾಡಿದೆ ಎಂದು ಬೈಸಿಕೊಂಡವಳೂ ಅವಳೇ. ನೆಲ ಒರೆಸಿದ್ದು ಅವಳ ತಾಯಿ. ಕೂಸು ಚೆನ್ನಾಗಿತ್ತು, ಹಾಗಾಗಿ ಅದನ್ನು ಯಾರೂ ತಪ್ಪು ಎಂದು ಎಣಿಸಲೇ ಇಲ್ಲ.

ಆ ಕಾಲಕ್ಕೂ ಈ ಕಾಲಕ್ಕೂ ಪದ್ಧತಿಗಳು ಬಹಳ ಬದಲಾಗಿವೆ. ಆಗ ಹುಟ್ಟಿದ ಕೂಸನ್ನು ತಾಯಿಯಿಂದ ಬೇರೆ ಇಟ್ಟು ಸಕ್ಕರೆ ನೀರು ಹಾಕುತ್ತಿದ್ದೆವು, ಈಗ ಹೊಕ್ಕುಳಬಳ್ಳಿ ಕತ್ತರಿಸುತ್ತಲೇ ಎದೆಯ ಮೇಲೆ ಮಲಗಿಸುತ್ತೇವೆ. ಆಗ ಹೆರಿಗೆ ಕೋಣೆಯೊಳಗೆ ತಾಯಿ, ಅಕ್ಕ ಯಾರನ್ನೂ ಬಿಡುತ್ತಿರಲಿಲ್ಲ, ಈಗ ಒಬ್ಬರು ಜೊತೆಗಿರಬಹುದು. ಕೈ ಎತ್ತುವುದೂ ಕಡಿಮೆಯಾಗಿದೆ. ಆದರೆ ಹೆಂಗಸು ತನ್ನ ಮೈಯಲ್ಲಿ ಹೀಗಾಗುತ್ತಿದೆ ಎಂದು ಹೇಳಿದರೆ ನಂಬದಿರುವುದು, ಏನಾಯಿತೆಂದು ಕೇಳಿದರೆ ಹೇಳದಿರುವುದು, ಇವೆರಡು ಹಾಗೇ ಉಳಿದಿವೆ. ಅನ್ನಪೂರ್ಣಳ ಕಥೆಯನ್ನು ಅದಕ್ಕಾಗಿಯೇ ಹೇಳುತ್ತೇನೆ. ಅದು ನನ್ನ ಸರ್ವಿಸಿನ ಕೊನೆಯ ವರ್ಷಗಳಲ್ಲಿ, ದಾವಣಗೆರೆಯ ಆಸ್ಪತ್ರೆಯಲ್ಲಿ ನಡೆದದ್ದು. ಹಳೇ ಕಾಲದ ಮಾತೆಂದು ತಳ್ಳಿಹಾಕುವ ಹಾಗಿಲ್ಲ.

ಅನ್ನಪೂರ್ಣ ಕೊಕ್ಕನೂರಿನ ಹುಡುಗಿ. ಆವರಗೆರೆಗೆ ಕೊಟ್ಟಿದ್ದರು. ಗಂಡ ಬಸವರಾಜ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದ, ಇವಳು ಮನೆಯಲ್ಲಿ ಮಷೀನಿಟ್ಟುಕೊಂಡು ಜಂಪರ್ ಹೊಲಿಯುತ್ತಿದ್ದಳು. ಚೊಚ್ಚಲ ಬಸುರಿ. ಹೆತ್ತ ತಾಯಿ ತೀರಿಕೊಂಡಿದ್ದಳು, ತವರಿನಲ್ಲಿದ್ದವನು ತಂದೆಯೊಬ್ಬನೇ. ಆದರೂ ಅವನು ಪಟ್ಟು ಹಿಡಿದು ಮಗಳನ್ನು ಕರೆಸಿ ಸೀಮಂತದ ಕುಬಸ ಮಾಡಿದ. ಹಸಿರು ಸೀರೆ, ಹಸಿರು ಬಳೆ ತೊಡಿಸುವಾಗಲೇ ಬಳೆ ಕೈಗೆ ಏರಲಿಲ್ಲವಂತೆ. ಕಾಲುಂಗುರ ಬೆರಳಿನಲ್ಲಿ ಹೂತುಹೋಗಿತ್ತು. ಬಂದ ಮುತ್ತೈದೆಯರು ‘ಮೈ ತುಂಬಿಕೊಂಡಾಳೆ, ಗಂಡು ಕೂಸು’ ಎಂದು ಹಾಡಿ ಹೊಗಳಿ ಊಟ ಮಾಡಿ ಹೋದರು.

ಅವಳಿಗೆ ಮಾತ್ರ ಇದು ಸರಿಯಿಲ್ಲ ಎನ್ನಿಸಿತ್ತು. ತಲೆ ಸಿಡಿಯುತ್ತಿತ್ತು. ಸೂಜಿಗೆ ದಾರ ಪೋಣಿಸಲು ಹೋದರೆ ಕಣ್ಣ ಮುಂದೆ ಬೆಳಕಿನ ಹುಳುಗಳು ಹಾರಾಡುತ್ತಿದ್ದವು. ತಂದೆ ಅವಳನ್ನು ಹರಿಹರಕ್ಕೆ, ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದ. ಅಲ್ಲಿ ಬಿ.ಪಿ. ನೋಡಲಿಲ್ಲ, ಮೂತ್ರ ಪರೀಕ್ಷೆ ಮಾಡಿಸಲಿಲ್ಲ. ಗ್ಯಾಸ್ ಎಂದು ಮಾತ್ರೆ ಕೊಟ್ಟರು. ಕಡಿಮೆಯಾಗದೆ ಮತ್ತೆ ಹೋದಾಗ, ‘ಚೊಚ್ಚಲ ಅಲ್ವಾ, ಹೆದರ್ಕೊಂಡಿದಿಯ. ಟಿ.ವಿ. ನೋಡು, ಆರಾಮಾಗಿರು’ ಎಂದರು. ಟಿ.ವಿ.ಯಲ್ಲೂ ಬೆಳಕಿನ ಹುಳುಗಳೇ ಕಂಡವೆಂದು ಅವಳು ಆಮೇಲೆ ನನಗೆ ಹೇಳಿದಳು.

ಹೊಟ್ಟೆಯ ಮೇಲ್ಭಾಗ ಹಿಂಡಲು ಶುರುವಾದಾಗ ಬಸವರಾಜ ಕೊಕ್ಕನೂರಿಗೆ ಹೋಗಿ ಅವಳನ್ನು ದಾವಣಗೆರೆಗೆ, ನಮ್ಮ ಆಸ್ಪತ್ರೆಗೆ ಕರೆತಂದ. ಬೆಳಗಿನ ಹೊತ್ತು, ಹೊರರೋಗಿಗಳ ವಿಭಾಗದಲ್ಲಿ ಬಸುರಿಯರ ಸಾಲು ಬಾಗಿಲು ದಾಟಿ ಹೊರಗೆ ಹೋಗಿತ್ತು. ಅವಳು ಚೀಟಿ ಕೊಡುವ ಕಿಟಕಿಗೆ ಹೋಗಿ, ‘ಕಣ್ಣು ಮಂಜಾಗಕತ್ತೈತ್ರಿ, ನಿಂದ್ರಾಕಾಗಲ್ಲ’ ಎಂದಳು. ‘ಎಲ್ಲಾರಿಗೂ ಹಂಗೇ ಆಗೋದು. ಸಾಲಿಗೆ ಬಾರಮ್ಮ’ ಎಂದು ಒಳಗಿನವನು ಕಳಿಸಿದ. ಒಬ್ಬ ನರ್ಸನ್ನು ತಡೆದು ಹೇಳಿದಳು, ಅವಳೂ ಸಾಲನ್ನೇ ತೋರಿಸಿದಳು.

ನಾನು ವಾರ್ಡಿನಿಂದ ಔಷಧಿ ತರಲು ಆ ಕಡೆ ಹೊರಟಿದ್ದೆ. ಸಾಲಿನ ನಡುವೆ ಹೆಂಗಸರು ಕಿರುಚಿದರು. ಹೋಗಿ ನೋಡಿದರೆ ತುಂಬು ಬಸುರಿ ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದಳು. ಕಣ್ಣು ಮೇಲೆ ಸಿಕ್ಕಿತ್ತು, ತುಟಿ ಕಚ್ಚಿ ರಕ್ತ ಬಂದಿತ್ತು. ಯಾರೋ ಕೀಲಿಕೈ ಗೊಂಚಲನ್ನು ಅವಳ ಅಂಗೈಗೆ ತುರುಕುತ್ತಿದ್ದರು. ಅದನ್ನು ಕಿತ್ತೆಸೆದು ಅವಳನ್ನು ಎಡ ಮಗ್ಗುಲಿಗೆ ಹೊರಳಿಸಿ, ಸ್ಟ್ರೆಚರ್ ತನ್ನಿ ಎಂದು ಕೂಗಿದೆ. ಬಸುರಿಗೆ ಬಿ.ಪಿ. ಏರಿ ಫಿಟ್ಸ್ ಬಂದಿತ್ತು. ಆಮೇಲಿನದ್ದನ್ನು ಎಲ್ಲರೂ ಚೆನ್ನಾಗಿಯೇ ಮಾಡಿದರು. ಇಂಜೆಕ್ಷನ್ ಕೊಟ್ಟರು, ಬಿ.ಪಿ. ಇಳಿಸಿದರು, ಆಪರೇಷನ್ ಮಾಡಿ ಮಗು ತೆಗೆದರು. ತಿಂಗಳು ತುಂಬುವ ಮೊದಲೇ ಬಂದ ಹೆಣ್ಣುಕೂಸು. ಅತ್ತಿತು, ಆದರೆ ಉಸಿರಿಗೆ ಕಷ್ಟಪಡುತ್ತಿದ್ದುದರಿಂದ ಮೇಲಿನ ಮಹಡಿಯ ಶಿಶು ನಿಗಾ ಘಟಕಕ್ಕೆ ಒಯ್ದರು.

ಇಂಥ ಸಂದರ್ಭದಲ್ಲಿ ನಮ್ಮವರ ಕೈಚಳಕ ನೋಡಬೇಕು. ನೆಲಕ್ಕೆ ಬಿದ್ದವಳನ್ನು ಉಳಿಸಲು ಹತ್ತು ಜನ ಓಡಿ ಬರುತ್ತಾರೆ. ಬೀಳುತ್ತೇನೆ ಎಂದು ಹೇಳುವವಳ ಮಾತು ಕೇಳಲು ಒಬ್ಬರೂ ಇರುವುದಿಲ್ಲ. ಆಮೇಲೆ ನಡೆದ ಮೀಟಿಂಗಿನಲ್ಲಿ ನಮ್ಮ ಹಿರಿಯ ಡಾಕ್ಟರು ಅದನ್ನು ‘ತಡವಾಗಿ ಬಂದ ಕೇಸು’ ಎಂದರು. ನಾನು ಎದ್ದು ನಿಂತು, ‘ಆಕೆ ಹರಿಹರದಲ್ಲಿ ಎರಡು ಸಲ ತೋರಿಸಿದ್ದಾಳೆ ಸರ್. ಇಲ್ಲಿ ಕಿಟಕಿಯಲ್ಲಿ ಹೇಳಿದ್ದಾಳೆ, ಸಿಸ್ಟರಿಗೆ ಹೇಳಿದ್ದಾಳೆ. ತಡ ಮಾಡಿದವಳು ಆಕೆಯಲ್ಲ’ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ನೆಕ್ಸ್ಟ್’ ಎಂದರು.

ಅನ್ನಪೂರ್ಣಳಿಗೆ ಎಚ್ಚರವಾದಾಗ ಹಾಸಿಗೆಯ ಬಳಿ ಅತ್ತೆ ಗಂಗಮ್ಮ ಕೂತಿದ್ದಳು. ಎತ್ತರದ, ಮೂಳೆ ಬಿಟ್ಟ ಹೆಂಗಸು, ಹಣೆ ತುಂಬ ವಿಭೂತಿ. ಉಕ್ಕಡಗಾತ್ರಿಯ ಗದ್ದುಗೆಯಿಂದ ತಂದ ಭಸ್ಮದ ಪೊಟ್ಟಣವನ್ನು ಸೊಸೆಯ ದಿಂಬಿನಡಿ ಇಟ್ಟಿದ್ದಳು. ಸೊಸೆಯ ಮುಖ ಊದಿ ಕಣ್ಣು ಗೆರೆಯಾಗಿದ್ದವು, ಕಚ್ಚಿದ ನಾಲಿಗೆ ದಪ್ಪವಾಗಿತ್ತು. ಸಾಲಿನಲ್ಲಿ ನಿಂತದ್ದರ ಆಚೆಗೆ ಅವಳಿಗೆ ಏನೂ ನೆನಪಿರಲಿಲ್ಲ. ಹೊಟ್ಟೆ ಮುಟ್ಟಿಕೊಂಡಳು. ಖಾಲಿ.

‘ಕೂಸು?’

‘ಮ್ಯಾಲೈತೆ’ ಎಂದಳು ಗಂಗಮ್ಮ.

ಮೇಲೆ ಎಂದರೆ ಮಹಡಿಯ ಮೇಲೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಕೂಗಿಕೊಂಡಳು. ಡ್ಯೂಟಿಯಲ್ಲಿದ್ದ ಹುಡುಗಿ ಬಂದು, ‘ಕೂಗಬ್ಯಾಡ, ಬಿ.ಪಿ. ಏರುತ್ತೆ’ ಎಂದು ಗದರಿದಳೇ ಹೊರತು ಮಗು ಬದುಕಿದೆ ಎಂದು ಹೇಳಲಿಲ್ಲ. ಸಂಜೆ ನಾನು ಹೋದಾಗ ಅವಳು ನನ್ನ ಕೈ ಹಿಡಿದೆಳೆದಳು.

‘ಐತೋ ಇಲ್ಲೋ, ಒಂದು ಹೇಳ್ರಿ. ಇಲ್ಲಾಂದ್ರೆ ಇಲ್ಲ ಅನ್ರಿ. ಯಾಕ ಎಲ್ಲಾರೂ ಮುಖ ತಿರುವಿಕೊಂಡು ಹೋಗ್ತೀರಿ?’

‘ಐತೆ ಕಣವ್ವ. ಹೆಣ್ಣುಕೂಸು. ಸಣ್ಣದೈತೆ, ಉಸಿರಾಡಾಕೆ ಸ್ವಲ್ಪ ಗಾಳಿ ಕೊಟ್ಟಾರೆ. ನಾನೇ ನೋಡಿಕೊಂಡು ಬಂದೆ’ ಎಂದೆ.

‘ಇಷ್ಟು ಹೇಳಾಕೆ ನಿಮ್ಮ ಮಂದಿಗೆ ಏನಾಗಿತ್ತು?’ ಎಂದು ಕೇಳಿದಳು. ಅಂದಿನಿಂದ ವಾರ್ಡಿನಲ್ಲಿ ಅವಳಿಗೆ ‘ಜಗಳಗಂಟಿ’ ಎಂದು ಹೆಸರು ಬಿತ್ತು.

ಎರಡು ಮೂರು ದಿನ ನನಗೆ ಬೇರೆ ವಾರ್ಡಿನ ಡ್ಯೂಟಿ ಬಿತ್ತು. ಮರಳಿ ಬಂದ ದಿನ ಮಧ್ಯಾಹ್ನ ಬಾತ್‌ರೂಮಿನ ಹತ್ತಿರ ಯಾರೋ ಬಿಕ್ಕುವುದು ಕೇಳಿಸಿತು. ಅನ್ನಪೂರ್ಣ ಕೈತೊಳೆಯುವ ಬೇಸಿನ್ನಿನ ಮೇಲೆ ಬಾಗಿ ನಿಂತಿದ್ದಳು. ಒಂದು ಕೈ ಹೊಟ್ಟೆಯ ಹೊಲಿಗೆಯ ಮೇಲೆ, ಇನ್ನೊಂದು ಕೈಯಲ್ಲಿ ಎದೆ ಹಿಂಡುತ್ತಿದ್ದಳು. ಎದೆ ಕಲ್ಲಾಗಿ ಕೆಂಪೇರಿತ್ತು. ಮೊದಲ ದಿನಗಳ ಗಟ್ಟಿ ಹಳದಿ ಹಾಲು ತೊಟ್ಟು ತೊಟ್ಟಾಗಿ ಬೇಸಿನ್ನಿಗೆ ಬಿದ್ದು, ತೂತಿನೊಳಗೆ ಇಳಿದು ಹೋಗುತ್ತಿತ್ತು. ಮೇಲಿನ ಮಹಡಿಯಲ್ಲಿ ಅದೇ ಹಾಲಿಗಾಗಿ ಬಾಯಿ ಚಪ್ಪರಿಸುವ ಕೂಸಿದೆ!

‘ಏನು ಮಾಡ್ತಿದಿಯ ನೀನು?’ ಎಂದು ಕಿರುಚಿದೆ.

‘ಚೆಲ್ಲು ಅಂದ್ರು, ಚೆಲ್ತಿದೀನ್ರಿ.’

‘ಯಾರು?’

‘ಎಲ್ಲಾರೂ. ಪಿಟ್ಸ್ ಬಂದಾಕಿ ಹಾಲು ಕುಡಿದ್ರೆ ಕೂಸಿಗೂ ಪಿಟ್ಸ್ ಬರುತ್ತಂತೆ. ಅತ್ತೆ ಹೇಳಿದ್ರು. ಆಯಾನೂ ಹೌದು ಅಂದ್ಲು. ದೊಡ್ಡ ಸಿಸ್ಟರನ್ನ ಕೇಳಿದ್ರೆ, ಈಗ ಬ್ಯಾಡ ಬಿಡು ಅಂದ್ರು.’

ನಮ್ಮ ವಾರ್ಡಿನ ದೊಡ್ಡ ಸಿಸ್ಟರ್ ವಿಮಲಾ ಎಂಬಾಕೆ. ನನಗಿಂತ ಚಿಕ್ಕವಳು, ನನ್ನ ಮೇಲಿನವಳು. ನೇರ ಅವಳ ಟೇಬಲ್ಲಿಗೆ ಹೋದೆ. ಅವಳು ಮೂರ್ಖಳಲ್ಲ. ಫಿಟ್ಸ್ ಹಾಲಿನಲ್ಲಿ ಇಳಿಯುವುದಿಲ್ಲ ಎಂದು ಅವಳಿಗೆ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು.

‘ಮತ್ತೆ ಯಾಕೆ ಹಾಗೆ ಹೇಳಿದೆ ವಿಮಲಾ?’

‘ನಾನು ಇಳಿಯುತ್ತೆ ಅಂದಿಲ್ಲ ಅಕ್ಕಾ. ಬ್ಯಾಡ ಬಿಡು ಅಂದೆ. ಆ ಮುದುಕಿ ಗಲಾಟೆ ಮಾಡ್ತಿತ್ತು. ಇರೋದು ಇಬ್ರು ಹುಡುಗೀರು. ಹಾಲು ತೆಗೆಸು, ಬಟ್ಟಲಿಗೆ ಹಿಡಿ, ಮೇಲೆ ಕಳಿಸು, ಯಾರು ಮಾಡ್ತಾರೆ? ಪುಡಿ ಡಬ್ಬಿ ತರಿಸಿದೀವಿ, ಕೂಸು ಕುಡಿತೈತೆ. ಯಾವ ತೊಂದರೆನೂ ಇಲ್ಲ.’

‘ತೊಂದರೆ ಇಲ್ಲದ್ದು ನಿನಗೆ’ ಎಂದೆ. ಪಕ್ಕದಲ್ಲಿದ್ದ ಹುಡುಗಿಯರು ಕೆಲಸ ನಿಲ್ಲಿಸಿ ನೋಡಿದರು. ‘ಕೈ ಸಾಲದಿದ್ದರೆ ಕೈ ಸಾಲದು ಅಂತ ಹೇಳು. ಆ ಹುಡುಗಿ ತನ್ನ ಎದೆಯಲ್ಲಿ ವಿಷ ಇದೆ ಅಂತ ನಂಬಿಕೊಂಡು ಬೇಸಿನ್ನಿನ ಮುಂದೆ ನಿಂತಿದ್ದಾಳೆ. ನೀನು ನೋಡಿಕೊಂಡು ಸುಮ್ಮನಿದ್ದೀಯ.’

ವಿಮಲಾ ಮುಖ ಕೆಂಪು ಮಾಡಿಕೊಂಡು ಎದ್ದು ಹೋದಳು. ಆ ಮೇಲೆ ನಾನು ರಿಟೈರ್ ಆಗುವವರೆಗೂ ಅವಳು ನನ್ನ ಜೊತೆ ಬೇಕಾದಷ್ಟು ಮಾತ್ರ ಮಾತಾಡಿದಳು. ನನಗೇನೂ ಬೇಸರವಿಲ್ಲ.

ಮಕ್ಕಳ ಡಾಕ್ಟರ್ ನಂದಿನಿ ಆಗ ಮೇಲಿನ ಘಟಕ ನೋಡಿಕೊಳ್ಳುತ್ತಿದ್ದರು. ದಾವಣಗೆರೆಯವರೇ, ಚಿಕ್ಕ ವಯಸ್ಸು. ಅವರಿಗೆ ‘ತಾಯಿಗೆ ಹಾಲಿಲ್ಲ’ ಎಂದು ಕೆಳಗಿನಿಂದ ಹೇಳಿ ಕಳಿಸಿದ್ದರಂತೆ. ನಾನು ಹೋಗಿ ಬೇಸಿನ್ನಿನ ವಿಷಯ ಹೇಳಿದಾಗ ಅವರು ಸ್ಟೆತಾಸ್ಕೋಪನ್ನು ಮೇಜಿನ ಮೇಲೆ ಕುಕ್ಕಿ ನನ್ನ ಜೊತೆಗೇ ಇಳಿದು ಬಂದರು. ಅನ್ನಪೂರ್ಣಳ ಹಾಸಿಗೆಯ ಬಳಿ ನಿಂತು, ಅಕ್ಕಪಕ್ಕದವರಿಗೂ ಕೇಳುವಂತೆ ಹೇಳಿದರು.

‘ಕೇಳಮ್ಮ. ಫಿಟ್ಸ್ ಬಂದಿದ್ದು ನಿನ್ನ ಬಿ.ಪಿ.ಯಿಂದ. ಹಾಲಿಗೂ ಅದಕ್ಕೂ ಯಾವ ಸಂಬಂಧಾನೂ ಇಲ್ಲ. ನೀನು ತಗೊಳ್ತಿರೋ ಮಾತ್ರೆನೂ ಮಗೂಗೆ ಏನೂ ಮಾಡಲ್ಲ. ಬೇಗ ಹುಟ್ಟಿದ ಮಗು ಅದು, ಅದಕ್ಕೆ ನಿನ್ನ ಹಾಲಿಗಿಂತ ಒಳ್ಳೇ ಔಷಧಿ ನನ್ನ ಹತ್ರ ಇಲ್ಲ.’

ಅನ್ನಪೂರ್ಣ ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳ ಗಂಟಲಿನಿಂದ ಬಂದ ದನಿ ನನಗೆ ಈಗಲೂ ಕೇಳುತ್ತದೆ.

‘ಹಂಗಾರೆ ಇಷ್ಟು ದಿನ ನನ್ನ ಕೂಸಿನ ಪಾಲಿಂದು ಮೋರಿಗೆ ಹಾಕಿಸಿದ್ರಲ್ರೀ! ನಾನು ಅಳ್ತಾ ಚೆಲ್ತಿದ್ದೆ. ನಿಮ್ಮ ಆಸ್ಪತ್ರೆ ಒಳಗೇ ಚೆಲ್ತಿದ್ದೆ. ಒಬ್ಬರೂ ಬ್ಯಾಡ ಅನ್ಲಿಲ್ಲ.’

ಡಾಕ್ಟರ್ ನಂದಿನಿ ಸಮಾಧಾನದ ಮಾತಾಡಲಿಲ್ಲ. ‘ಹೌದು. ತಪ್ಪು ನಮ್ಮದೇ’ ಎಂದರು. ಒಬ್ಬ ಡಾಕ್ಟರು ವಾರ್ಡಿನಲ್ಲಿ ರೋಗಿಯೆದುರು ಹಾಗೆಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅವತ್ತೇ ಬಿಸಿನೀರಿನ ಬಟ್ಟೆಯಿಂದ ಶಾಖ ಕೊಟ್ಟು, ಎದೆಯನ್ನು ಹೇಗೆ ಒತ್ತಿ ಹಾಲು ತೆಗೆಯಬೇಕೆಂದು ತೋರಿಸಿದೆ. ಕುದಿಸಿದ ಸ್ಟೀಲ್ ಬಟ್ಟಲಿನ ತಳ ಮುಚ್ಚುವಷ್ಟು ಬಂತು. ಅದನ್ನು ಮುಚ್ಚಿಕೊಂಡು ನಾನು ಮೇಲಕ್ಕೆ ಹೋದೆ. ಘಟಕದ ನರ್ಸು ಅದನ್ನು ಸಿರಿಂಜಿಗೆ ಎಳೆದುಕೊಂಡು ಮಗುವಿನ ಮೂಗಿಗೆ ಹಾಕಿದ್ದ ಸಣ್ಣ ಕೊಳವೆಗೆ ಇನ್ನೇನು ಸೇರಿಸಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಗಂಗಮ್ಮ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಬಂದಿದ್ದಳು. ಕಾವಲಿನವಳು ತೋಳು ಹಿಡಿದೆಳೆದರೂ ನಿಲ್ಲಲಿಲ್ಲ. ಗಾಜಿನ ತೊಟ್ಟಿಲಿಗೆ ಅಡ್ಡ ಬಂದು ಎರಡೂ ಕೈ ಚಾಚಿ ನಿಂತಳು.

‘ಹಾಕಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ಹಾಕಬ್ಯಾಡ್ರಿ!’

ನನ್ನ ಸಿಟ್ಟು ನೆತ್ತಿಗೇರಿತ್ತು. ‘ಕೂಸಿನ ಅನ್ನ ಕಸಿದುಕೊಳ್ತಿದಿಯಲ್ಲ, ಎಂಥ ಅಜ್ಜಿ ನೀನು? ಹೆಣ್ಣಾತು ಅಂತಾನಾ?’ ಎಂದುಬಿಟ್ಟೆ.

ಅವಳು ನನ್ನ ಕಡೆ ತಿರುಗಿದಳು.

‘ಹೆಣ್ಣು ಬ್ಯಾಡಂದೋರು ಯಾರು? ನನಗೂ ಒಬ್ಬ ಮಗಳಿದ್ಲು. ಬಸ್ಯಾನ ಅಕ್ಕ, ಗೌರಿ. ಹಿಂಗೇ ಮೈ ಊದ್ಕಂಡು, ಹಿಂಗೇ ಪಿಟ್ಸ್ ಬಂದು ಹೋದ್ಲು. ಆಕಿ ಹಾಲು ಕುಡಿದ ಕೂಸೂ ಮರುದಿನ ಹೋತು. ನಾನು ಕಣ್ಣಾರೆ ಕಂಡೀನಿ. ನೀವು ಓದೀರಿ, ನಾನು ಕಂಡೀನಿ.’

ಘಟಕದ ನರ್ಸು ಸಿರಿಂಜನ್ನು ಟ್ರೇಯಲ್ಲಿಟ್ಟಳು.

‘ಡಾಕ್ಟರು ಏನಂದ್ರು ಆಗ?’ ಎಂದು ಕೇಳಿದೆ.

‘ಯಾವ ಡಾಕ್ಟರು? ಹರಿಹರದಾಗ ಒಂದು ಪ್ರೈವೇಟ್ ಆಸ್ಪತ್ರೆ, ಈಗ ಅದೂ ಇಲ್ಲ. ಹೆಣ ಕೊಟ್ರು. ತಗೊಂಡು ಹೋಗ್ರಿ ಅಂದ್ರು. ಯಾಕೆ ಹೋದ್ಲು ಅಂತ ಕೇಳಿದ್ರೆ, ನಿಮ್ಮ ಹಣೆಬರಹ ಅಂದ್ರು. ಅಷ್ಟೇ.’

ನನ್ನ ಸಿಟ್ಟು ಅಲ್ಲೇ ಮಗ್ಗುಲು ಬದಲಿಸಿತು. ಈ ಹೆಂಗಸು ಮೂಢಳೆಂದು ನಾವೆಲ್ಲ ನಕ್ಕಿದ್ದೆವು. ಅವಳು ಮೂಢಳಾಗಿರಲಿಲ್ಲ. ಮಗಳು ಸತ್ತಳು, ಮಗಳ ಹಾಲು ಕುಡಿದ ಕೂಸು ಸತ್ತಿತು, ಏಕೆಂದು ಯಾರೂ ಹೇಳಲಿಲ್ಲ. ಕಂಡದ್ದನ್ನು ಕಂಡಹಾಗೆ ಜೋಡಿಸಿಕೊಂಡಳು. ಬೇರೆ ಯಾರಾದರೂ ಏನು ಮಾಡುತ್ತಿದ್ದರು? ಗೌರಿಯ ಹೆಣ ಕೊಟ್ಟು ಕಳಿಸಿದ ಹರಿಹರದ ಆ ಡಾಕ್ಟರು ಯಾರೋ ನನಗೆ ಗೊತ್ತಿಲ್ಲ. ಇವತ್ತು ಎದುರಿಗೆ ಸಿಕ್ಕರೆ ಕೊರಳಪಟ್ಟಿ ಹಿಡಿಯುತ್ತೇನೆ.

ಡಾಕ್ಟರ್ ನಂದಿನಿ ಗಂಗಮ್ಮನನ್ನು ಹೊರಗೆ ಹಾಕಿಸಲಿಲ್ಲ. ಚಪ್ಪಲಿ ಬಿಡಿಸಿ, ಕೈ ತೊಳೆಸಿ, ಹಸಿರು ಗೌನು ತೊಡಿಸಿ, ತೊಟ್ಟಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು.

‘ಅಮ್ಮಾ, ನಾನು ಹೇಳೋದನ್ನ ನಂಬಬ್ಯಾಡ್ರಿ. ಇಲ್ಲೇ ಕೂತು ನೋಡ್ರಿ. ಎಷ್ಟು ಹೊತ್ತು ಬೇಕಾದ್ರೂ ಕೂಡ್ರಿ, ಯಾರೂ ಎಬ್ಬಿಸಲ್ಲ’ ಎಂದರು.

ಹಾಲು ಕೊಳವೆಯಲ್ಲಿ ಇಳಿಯಿತು. ಗಂಗಮ್ಮ ಕಣ್ಣು ಮುಚ್ಚಲಿಲ್ಲ. ಕೂಸು ಕೈ ಅಲುಗಿಸಿದರೆ ಅವಳ ಉಸಿರು ನಿಲ್ಲುತ್ತಿತ್ತು, ಸೀನಿದರೆ ಎದ್ದು ನಿಲ್ಲುತ್ತಿದ್ದಳು. ಊಟಕ್ಕೆ ಕರೆದರೆ ಬರಲಿಲ್ಲ. ಮತ್ತೆ ಹಾಲು ಬಂತು, ಮತ್ತೆ ಇಳಿಯಿತು. ಮರುದಿನವೂ ಬಂದು ಕೂತಳು. ಮೂರನೆಯ ದಿನ ನಾನು ಬಟ್ಟಲು ಒಯ್ಯುವಾಗ ಅವಳೇ ಬಾಗಿಲಲ್ಲಿ ಕೈ ಚಾಚಿ ಈಸಿಕೊಂಡು, ‘ಇವತ್ತು ಸ್ವಲ್ಪ ಜಾಸ್ತಿ ಐತೆ’ ಎಂದಳು.

ಇದಾದ ಮೇಲೆ ಎಲ್ಲ ಸಲೀಸಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ದಿನಗಳಲ್ಲಿ ಕಳೆದದ್ದು ಸುಲಭಕ್ಕೆ ಮರಳಲಿಲ್ಲ. ಅನ್ನಪೂರ್ಣಳಿಗೆ ರಕ್ತ ಕಡಿಮೆಯಿತ್ತು, ಹೊಲಿಗೆ ನೋಯುತ್ತಿತ್ತು, ಬಿ.ಪಿ. ಒಂದು ದಿನ ಇಳಿದರೆ ಇನ್ನೊಂದು ದಿನ ಏರುತ್ತಿತ್ತು. ಕೊಳವೆ ತೆಗೆದ ಮೇಲೆ ಕೂಸನ್ನು ಎದೆಗೆ ಹಚ್ಚಿದರೆ ಅದಕ್ಕೆ ಬಾಯಿ ಅಗಲ ಮಾಡಲು ಬರುತ್ತಿರಲಿಲ್ಲ. ಎರಡು ಗುಟುಕು ಎಳೆದು ಸುಸ್ತಾಗಿ ನಿದ್ದೆ ಹೋಗುತ್ತಿತ್ತು. ತೊಟ್ಟು ಬಿರಿದು ರಕ್ತ ಬಂತು. ಹಿಂಡಿದ ಹಾಲನ್ನು ಮೂತಿಯ ಪುಟ್ಟ ಬಟ್ಟಲು ಒಳಲೆಯಿಂದ ಹಾಕಿದೆವು, ಸಾಲದ್ದಕ್ಕೆ ಆ ಪುಡಿಯ ಹಾಲನ್ನೇ ಸೇರಿಸಿದೆವು. ಆ ಡಬ್ಬಿ ನೋಡಿದಾಗಲೆಲ್ಲ ಅವಳು ಹಲ್ಲು ಕಚ್ಚುತ್ತಿದ್ದಳು. ಡಬ್ಬಿಯ ತಪ್ಪೇನೂ ಇರಲಿಲ್ಲ. ಬೇಕಾದವರಿಗೆ ಅದು ಬೇಕೇ. ಅವಳಿಗೆ ಅದು ಬೇಕಾಗುವಂತೆ ಮಾಡಿದವರು ನಾವು, ಅದು ಅವಳ ಸಿಟ್ಟು.

ಒಬ್ಬ ಹೊಸ ನರ್ಸು ಒಮ್ಮೆ ಅವಳ ಎದೆಯನ್ನು ಹೇಳದೆ ಕೇಳದೆ ಹಿಡಿದು ಕೂಸಿನ ಬಾಯಿಗೆ ತುರುಕಲು ಹೋದಳು. ಅನ್ನಪೂರ್ಣ ಅವಳ ಕೈ ತಳ್ಳಿದಳು. ‘ಮೊದ್ಲು ಹೇಳ್ರಿ, ಆಮ್ಯಾಗ ಮುಟ್ರಿ. ಇದು ನನ್ನ ಮೈ.’ ಆ ಹುಡುಗಿ ಅಳುತ್ತ ನನ್ನ ಬಳಿ ದೂರು ತಂದಳು. ‘ಅವಳು ಹೇಳಿದ್ದನ್ನು ಗಟ್ಟಿಯಾಗಿ ನೆನಪಿಟ್ಟುಕೋ’ ಎಂದು ಕಳಿಸಿದೆ.

ಒಂದು ಬೆಳಿಗ್ಗೆ, ಕೂಸನ್ನು ಬಟ್ಟೆಯಿಲ್ಲದೆ ಅವಳ ಎದೆಗವಚಿ ಮೇಲೆ ಸೀರೆ ಸುತ್ತಿ ಕೂರಿಸಿದ್ದೆವು. ಸಣ್ಣ ಕೂಸುಗಳಿಗೆ ತಾಯಿಯ ಮೈಶಾಖ ಬೇಕೆಂದು ಈಗ ಹಾಗೆ ಮಾಡುತ್ತೇವೆ. ಯಾರೂ ಏನೂ ಮಾಡುತ್ತಿರಲಿಲ್ಲ. ಬಸವರಾಜ ಭಟ್ಟಿಯಿಂದ ನೇರ ಬಂದು, ತಲೆಯಲ್ಲಿ ಬೂದಿ ಹೊತ್ತೇ ಬಾಗಿಲಲ್ಲಿ ನಿಂತಿದ್ದ. ಕೂಸು ತಾನಾಗಿ ತಲೆ ಹೊರಳಿಸಿ, ಮೂಗಿನಿಂದ ತಡಕಾಡಿ, ಬಾಯಿ ದೊಡ್ಡದು ಮಾಡಿ ಕಚ್ಚಿಕೊಂಡಿತು. ಗುಟುಕರಿಸುವ ಸದ್ದು ನನಗೂ ಕೇಳಿಸಿತು.

‘ಬಂತ್ರೀ’ ಎಂದಳು ಅನ್ನಪೂರ್ಣ ಪಿಸುದನಿಯಲ್ಲಿ. ‘ಹಿಡಕಂಡ್ಲು.’ ಬಸವರಾಜ ಬಾಗಿಲ ಚೌಕಟ್ಟಿಗೆ ಹಣೆ ಇಟ್ಟುಕೊಂಡು ಅತ್ತ.

ಡಿಸ್ಚಾರ್ಜಿನ ದಿನ ಡಾಕ್ಟರ್ ನಂದಿನಿ ಬಂದು ಮಾತ್ರೆಗಳನ್ನು ವಿವರಿಸಿ ಹೊರಡಲಿದ್ದರು. ಅನ್ನಪೂರ್ಣ ತಡೆದಳು.

‘ನಂಗೇನಾಗಿತ್ತು ಅಂತ ಒಂದು ಸಲ ಪೂರ್ತಿ ಹೇಳಿ ಹೋಗ್ರಿ ಮೇಡಂ. ಕನ್ನಡದಾಗ ಹೇಳ್ರಿ. ನಾಳೆ ಇನ್ನೊಂದು ಕೂಸಾದ್ರೆ ನಾನೇ ಬಾಯಿಬಿಟ್ಟು ಹೇಳಬೇಕಲ್ಲ.’

ವಾರ್ಡಿನಲ್ಲಿ ಇನ್ನೂ ಎಷ್ಟೋ ರೋಗಿಗಳು ಕಾಯುತ್ತಿದ್ದರು. ಆದರೂ ಅವರು ಸ್ಟೂಲು ಎಳೆದುಕೊಂಡು ಕೂತರು. ಹೊಟ್ಟೆಯೊಳಗೆ ಕೂಸಿನ ಜೊತೆಗಿರುವ ಮಾಸು ಕೆಲವರಲ್ಲಿ ಸರಿಯಾಗಿ ಬೇರೂರುವುದಿಲ್ಲ, ಅದರಿಂದ ರಕ್ತನಾಳಗಳು ಬಿಗಿಯುತ್ತವೆ, ಬಿ.ಪಿ. ಏರುತ್ತದೆ, ಮೈ ಊದುತ್ತದೆ, ಅದು ಮಿದುಳಿಗೆ ತಟ್ಟಿದಾಗ ಕಣ್ಣು ಮಂಜಾಗಿ ಫಿಟ್ಸ್ ಬರುತ್ತದೆ ಎಂದರು. ಮುಂದಿನ ಸಲ ಬಸುರಾದರೆ ಮೊದಲ ತಿಂಗಳಲ್ಲೇ ಬಂದು ಹೇಳಬೇಕು ಎಂದರು. ಅನ್ನಪೂರ್ಣ ಒಂದೊಂದನ್ನೂ ತನ್ನ ಮಾತಿನಲ್ಲಿ ತಿರುಗಿ ಹೇಳಿದಳು. ತಪ್ಪಿದ ಕಡೆ ಅವರು ತಿದ್ದಿದರು. ಅಷ್ಟಕ್ಕೆ ಹಿಡಿದದ್ದು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು. ಅಷ್ಟು ಹೊತ್ತು ನಮ್ಮಲ್ಲಿ ಯಾರ ಬಳಿಯೂ ಇರುವುದಿಲ್ಲ ಎನ್ನುತ್ತೇವೆ.

ಗಂಗಮ್ಮ ಬಟ್ಟೆಗಂಟು ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ಕೇಳುತ್ತಿದ್ದಳು. ಡಾಕ್ಟರು ಎದ್ದಾಗ ಅವರ ಮುಂದೆ ಬಂದು ನಿಂತಳು.

‘ನನ್ನ ಗೌರಿಗೂ ಇದೇ ಆಗಿತ್ತೇನ್ರಿ?’

‘ನೀವು ಹೇಳಿದ್ದು ಕೇಳಿದ್ರೆ ಇದೇ ಇರಬೇಕಮ್ಮ.’

‘ಮತ್ತೆ ಆಕಿ ಕೂಸು?’

‘ನಾನು ಅದನ್ನ ನೋಡಿಲ್ಲ, ಖಂಡಿತ ಹೇಳಾಕೆ ಬರಲ್ಲ. ತಾಯಿಗೆ ಫಿಟ್ಸ್ ಬಂದಾಗ ಹೊಟ್ಟೆಯೊಳಗಿನ ಕೂಸಿಗೂ ಉಸಿರು ಸಾಲದೆ ಹೋಗುತ್ತೆ. ಅದು ಹುಟ್ಟುವಾಗಲೇ ಸೋತಿರಬೇಕು.’

‘ಹಾಲಿಂದ ಅಲ್ಲ?’

‘ಅಲ್ಲಮ್ಮ.’

ಗಂಗಮ್ಮ ಮಂಚದ ಅಂಚಿಗೆ ಕೂತಳು. ಯಾರನ್ನೂ ನೋಡದೆ ಮಾತಾಡಿದಳು.

‘ಪಿಟ್ಸ್ ಬಂದ ಮ್ಯಾಲೆ ಆಕಿಗೆ ಎಚ್ಚರಾಗಿತ್ತು. ಕೂಸು ಕೊಡವ್ವ ಅಂದ್ಲು. ಆಸ್ಪತ್ರೆಯೋರು ಯಾರೂ ಇರಲಿಲ್ಲ. ನಾನೇ ಎತ್ತಿ ಎದೆಗೆ ಹಚ್ಚಿದೆ. ಕುಡಿಸ್ತಾ ನಕ್ಕಿದ್ಲು. ಮಧ್ಯಾಹ್ನಕ್ಕೆ ಆಕಿ ಹೋದ್ಲು, ಮರುದಿನ ಕೂಸು ಹೋತು. ನಾನೇ ಕೈಯಾರೆ ಕುಡಿಸಿ ಕೊಂದೆ ಅಂತ ಇಷ್ಟು ವರ್ಷ... ಮನ್ಯಾಗ ಯಾರಿಗೂ ಹೇಳಿಲ್ಲ.’

ಬಸವರಾಜ ತಾಯಿಯ ಕಾಲ ಬಳಿ ನೆಲದ ಮೇಲೆ ಕುಸಿದು ಕೂತ. ಡಾಕ್ಟರ್ ನಂದಿನಿ ಮತ್ತೆ ಸ್ಟೂಲಿನ ಮೇಲೆ ಕೂತು, ಗಂಗಮ್ಮನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

‘ನೀವು ಏನೂ ತಪ್ಪು ಮಾಡಿಲ್ಲಮ್ಮ. ಮಗಳು ಕೇಳಿದ್ಲು, ನೀವು ಕೊಟ್ರಿ. ಆ ಕೂಸು ಹಸಿದು ಹೋಗಲಿಲ್ಲ.’

ಅನ್ನಪೂರ್ಣ ನಿಧಾನಕ್ಕೆ ಎದ್ದು ಬಂದು ಕೂಸನ್ನು ಅತ್ತೆಯ ಮಡಿಲಲ್ಲಿಟ್ಟಳು. ಅದರ ಗಲ್ಲದ ಮೇಲೆ ಹಾಲಿನ ಹನಿಯೊಂದು ಉಳಿದಿತ್ತು. ಗಂಗಮ್ಮ ಅದನ್ನು ಸೆರಗಿನ ತುದಿಯಿಂದ ಒರೆಸಿದಳು.

‘ಹಂಗಾರೆ ನನ್ನ ಗೌರಿ ಕೊಟ್ಟಿದ್ದು ಬರೇ ಹಾಲು’ ಎಂದಳು.